ಮನಸ್ಸು ಕೆಟ್ಟಿತೋ, ಮಾತ್ರೆ ಕೆಡಿಸಿತೋ?

ತಮಿಳುನಾಡಿನ ಉಡುಮಲೈಪೇಟೆ, ಪೊಳ್ಳಾಚಿ ಕಡೆ ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳು ತಲೆತಲಾಂತರದಿಂದ ಇವೆ. ಅಂಥ ಮನೆಗೆ ಬರುವ ಒಂದೊಂದು ಮಾತ್ರೆಗೂ ಮೂರು ಭಾಷೆ. ವೈದ್ಯರು ವಿಚಾರಿಸುವುದು ತಮಿಳಿನಲ್ಲಿ. ಚೀಟಿಯಲ್ಲಿ, ಮಾತ್ರೆಯ ಪಟ್ಟಿಯ ಬೆನ್ನಿನಲ್ಲಿ ಇರುವುದು ಇಂಗ್ಲಿಷ್. ಮಾತ್ರೆ ನುಂಗಿದ ಅಜ್ಜಿ "ಮನಸ್ಸು ಯಾಕೋ ನೆಟ್ಟಗಿಲ್ಲ" ಎನ್ನುವುದು ಕನ್ನಡದಲ್ಲಿ. ಹೊಟ್ಟೆ ಉರಿ, ಮೈ ತುರಿಕೆ, ವಾಂತಿ ಇವು ಹೇಗೋ ಮೂರು ಭಾಷೆಗಳನ್ನೂ ದಾಟಿ ವೈದ್ಯರ ಕಿವಿಯನ್ನು ಮುಟ್ಟುತ್ತವೆ. ಮನಸ್ಸಿನ ಮಾತು ಮಾತ್ರ ಅಡುಗೆಮನೆಯಲ್ಲೇ ಉಳಿದುಬಿಡುತ್ತದೆ. ಕರ್ನಾಟಕದೊಳಗಿರುವ ನಮ್ಮ ಸ್ಥಿತಿ ಇದಕ್ಕಿಂತ ಉತ್ತಮವೆಂದು ಹೆಮ್ಮೆ ಪಡುವಂತಿಲ್ಲ. ಇಲ್ಲಿ ಒಂದು ಭಾಷೆ ಕಡಿಮೆ, ಅಷ್ಟೇ.

ನಾವು ಇಲ್ಲಿ ಹೇಳಹೊರಟಿರುವುದು ಮನೋರೋಗದ ಮಾತ್ರೆಗಳ ವಿಷಯವನ್ನಲ್ಲ. ಉಬ್ಬಸಕ್ಕೆ, ಕ್ಷಯಕ್ಕೆ, ಕೀಲುನೋವಿಗೆ, ತಲೆಸುತ್ತಿಗೆಂದು ವೈದ್ಯರು ಬರೆದುಕೊಡುವ ಔಷಧಿಗಳು ಕೆಲವರಲ್ಲಿ ಮನಸ್ಸನ್ನೂ ಕದಡುತ್ತವೆ. ಎಲ್ಲರಲ್ಲೂ ಅಲ್ಲ, ಬಹಳ ಜನರಲ್ಲೂ ಅಲ್ಲ. ಆದರೆ ಆ ಕೆಲವರು ನಮ್ಮ ಮನೆಯವರೇ ಆದಾಗ ಅದನ್ನು ಗುರುತಿಸುವವರು ಯಾರು?

ಇದು ಹೊಸ ಸಂಗತಿಯೂ ಅಲ್ಲ. ನಮ್ಮ ನಾಡಿನ ಸರ್ಪಗಂಧಿ ಬೇರಿನ ಕಥೆಯನ್ನೇ ನೋಡಿ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಒದಗುತ್ತದೆಂದು ಬರೆದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲರು ತಮ್ಮ ಅನುಭವವನ್ನು ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಅದರ ಸತ್ವವಾದ ರಿಸರ್ಪಿನ್ ಅನ್ನು ಬೇರ್ಪಡಿಸಲಾಯಿತು. ಎರಡೇ ವರ್ಷಗಳಲ್ಲಿ, 1954ರಲ್ಲಿ, ಅಮೆರಿಕದ ವೈದ್ಯರೊಬ್ಬರು ರಕ್ತದೊತ್ತಡಕ್ಕೆಂದು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಇದನ್ನು ತೆಗೆದುಕೊಂಡವರಲ್ಲಿ ಕೆಲವರು ತೀವ್ರ ಖಿನ್ನತೆಗೆ ಬಿದ್ದುದನ್ನು ವರದಿ ಮಾಡಿದರು. ಆ ಭಯ ಅತಿಯಾಯಿತೆಂದು ನಂತರದ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಇರಬಹುದು. ಆದರೆ ರಕ್ತದೊತ್ತಡದ ರೋಗಿಯನ್ನು "ನಿದ್ದೆ ಹೇಗಿದೆ, ಮನಸ್ಸು ಹೇಗಿದೆ?" ಎಂದು ಕೇಳಬೇಕೆಂಬ ಪಾಠವನ್ನು ವೈದ್ಯರಿಗೆ ಕಲಿಸಿದವುಗಳಲ್ಲಿ ನಮ್ಮ ಬೇರೂ ಒಂದು.

ಇದಕ್ಕೆ ತಿರುಗುಮುರುಗಾದ ಘಟನೆಯೂ ಅದೇ ಕಾಲದಲ್ಲಿ ನಡೆಯಿತು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಕ್ಷಯ ಆಸ್ಪತ್ರೆಯಲ್ಲಿ ಹೊಸ ಮಾತ್ರೆಗಳನ್ನು ಕೊಟ್ಟಾಗ, ಸಾವಿನ ದಾರಿ ಕಾಯುತ್ತಿದ್ದ ರೋಗಿಗಳು ಎದ್ದು ಕುಣಿದಾಡಿದರು. ಅವುಗಳಲ್ಲಿ ಒಂದಾದ ಇಪ್ರೊನಿಯಾಜಿಡ್ ಮುಂದೆ ಖಿನ್ನತೆಗೇ ಔಷಧಿಯಾಯಿತು. ಇನ್ನೊಂದಾದ ಐಸೊನಿಯಾಜಿಡ್ ಇಂದಿಗೂ ಕ್ಷಯ ಚಿಕಿತ್ಸೆಯ ಬೆನ್ನೆಲುಬು. ಅದು ದೇಹದಲ್ಲಿರುವ ಬಿ6 ಜೀವಸತ್ವವನ್ನು ಕುಗ್ಗಿಸುವುದರಿಂದ ಕೈಕಾಲು ಜೋಮು ಹಿಡಿಯುವುದುಂಟು. ಅಪರೂಪಕ್ಕೆ ಬುದ್ಧಿಭ್ರಮೆಯೂ ಆಗುವುದುಂಟು. ಜೊತೆಗೆ ಪಿರಿಡಾಕ್ಸಿನ್ ಎಂಬ ಸಣ್ಣ ಮಾತ್ರೆ ಕೊಡುವುದು ಅದಕ್ಕಾಗಿ. "ಇದು ಬರೀ ವಿಟಮಿನ್" ಎಂದು ಅದನ್ನು ಬಿಸಾಡುವ ಮನೆಗಳಿಗೆ ಈ ಮಾತು. ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಸೈಕ್ಲೊಸೆರಿನ್ ಇನ್ನೂ ಬಲವಾದದ್ದು. ಭಯ, ಸಂಶಯ, ಇಲ್ಲದ ದನಿ ಕೇಳುವುದು, ಸಾಯುವ ಯೋಚನೆ ಇವೆಲ್ಲ ಅದರ ತಿಳಿದ ಅಡ್ಡ ಪರಿಣಾಮಗಳು. 2024ರಲ್ಲಿ ನಮ್ಮ ಸರ್ಕಾರ ಒಪ್ಪಿದ ಆರು ತಿಂಗಳ ಹೊಸ ಚಿಕಿತ್ಸಾ ಕ್ರಮದಲ್ಲಿ ಸೈಕ್ಲೊಸೆರಿನ್ ಇಲ್ಲ ಎಂಬುದು ಸಮಾಧಾನದ ವಿಷಯ.

ಕ್ಷಯದ ಮಾತು ಬಂದಾಗ ಮದ್ರಾಸನ್ನು ನೆನೆಯಲೇಬೇಕು. ಕ್ಷಯರೋಗಿಯನ್ನು ಆರೋಗ್ಯಧಾಮದಲ್ಲಿಡದೆ ಮನೆಯಲ್ಲೇ ಇಟ್ಟು ಗುಣಪಡಿಸಬಹುದೆಂದು 1956ರಲ್ಲಿ ಆರಂಭವಾದ ಅಲ್ಲಿನ ಸಂಶೋಧನೆ 1959ರಲ್ಲಿ ತೋರಿಸಿಕೊಟ್ಟಿತು. ಬಡವರಿಗೆ ಅದೊಂದು ದೊಡ್ಡ ಉಪಕಾರ. ಆದರೆ ಒಂದು ಹೊಣೆಯೂ ಅಂದೇ ಕೈ ಬದಲಾಯಿಸಿತು. ರೋಗಿ ರಾತ್ರಿ ಎದ್ದು ಕೂತು ಗೋಡೆಯೊಂದಿಗೆ ಮಾತಾಡಿದರೆ ನೋಡಲು ಈಗ ನರ್ಸ್ ಇಲ್ಲ. ಹೆಂಡತಿ, ಮಗಳು, ಸೊಸೆಯೇ ಇರುವುದು. ಈ ನೋಡುವ ಕೆಲಸವನ್ನು ಕುಟುಂಬಗಳಿಗೆ ಕೊಟ್ಟೆವು. ಏನನ್ನು ನೋಡಬೇಕೆಂದು ಮಾತ್ರ ಹೇಳಿಕೊಡಲಿಲ್ಲ.

ಉಡುಮಲೈ ಸೀಮೆಗೇ ಮರಳೋಣ. 2009ರಲ್ಲಿ ತಿರುಪ್ಪೂರು ಜಿಲ್ಲೆಗೆ ಸೇರಿದ ಈ ತಾಲೂಕಿನ ಸುತ್ತ ನೂಲಿನ ಗಿರಣಿಗಳು, ಪೊಳ್ಳಾಚಿ ಕಡೆಗೆ ಹೋದರೆ ತೆಂಗಿನ ನಾರಿನ ಘಟಕಗಳು. ಹತ್ತಿಯ ಧೂಳು, ನಾರಿನ ಧೂಳು ಇದ್ದಲ್ಲಿ ಕೆಮ್ಮು, ಸೀನು, ಉಬ್ಬಸಗಳಿಗೆ ಬರವಿಲ್ಲ. ಇವಕ್ಕೆ ದೇಶದಾದ್ಯಂತ ಬರೆದುಕೊಡುವ ಮಾತ್ರೆಗಳಲ್ಲಿ ಮಾಂಟೆಲುಕಾಸ್ಟ್ ಒಂದು. ಹಲವು ಬಾರಿ ಲೆವೊಸೆಟ್ರಿಜಿನ್ ಜೊತೆ ಸೇರಿಸಿಯೇ ಬರುತ್ತದೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧಿಯ ಮೇಲೆ 2020ರ ಮಾರ್ಚಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ತನ್ನ ಅತಿ ಕಟುವಾದ, ಚೌಕಟ್ಟು ಕಟ್ಟಿದ ಎಚ್ಚರಿಕೆಯನ್ನು ಹಾಕಿಸಿತು. ದುಃಸ್ವಪ್ನ, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಆ ಪಟ್ಟಿಯಲ್ಲಿದ್ದವು. ಅಲರ್ಜಿಯ ನೆಗಡಿಗಾದರೆ ಬೇರೆ ಔಷಧಿ ಒಗ್ಗದವರಿಗೆ ಮಾತ್ರ ಕೊಡಿ ಎಂದೂ ಹೇಳಿತು. ನ್ಯಾಯವಾಗಿ ಹೇಳಬೇಕೆಂದರೆ, ಅದೇ ಸಂಸ್ಥೆಯ ದೊಡ್ಡ ಅಧ್ಯಯನವೊಂದರಲ್ಲಿ ಬೇರೆ ಉಬ್ಬಸದ ಔಷಧಿ ಬಳಸುವವರಿಗಿಂತ ಇವರಲ್ಲಿ ಹೆಚ್ಚಿನ ಅಪಾಯ ಎದ್ದು ಕಾಣಲಿಲ್ಲ. ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೂ ನಿನ್ನೆಯವರೆಗೆ ನಗುತ್ತಿದ್ದ ಮಗು ಮಾತ್ರೆ ಆರಂಭಿಸಿದ ವಾರದಲ್ಲಿ ರಾತ್ರಿ ಚೀರಿ ಏಳತೊಡಗಿದರೆ, ಶಾಲೆಗೆ ಹೋಗಲು ಅಳತೊಡಗಿದರೆ, ಬೆತ್ತ ಹುಡುಕುವ ಮೊದಲು ಮಾತ್ರೆಯ ಹೆಸರನ್ನು ಓದಬೇಕಲ್ಲವೇ?

ಸ್ಟೆರಾಯ್ಡ್‌ಗಳ ವಿಷಯದಲ್ಲಿ ಇಂಥ ಅನುಮಾನಕ್ಕೆ ಎಡೆಯಿಲ್ಲ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಜೀವ ಉಳಿಸುವ ಔಷಧಿಗಳು. ಆದರೆ ಪ್ರಮಾಣ ಏರಿದಂತೆ ಮನಸ್ಸಿನ ತೊಂದರೆಯೂ ಏರುತ್ತದೆ. ಆಸ್ಪತ್ರೆಯಲ್ಲಿ ಪ್ರೆಡ್ನಿಸೋನ್ ಪಡೆದವರನ್ನು ಗಮನಿಸಿ 1972ರಲ್ಲಿ ಬಾಸ್ಟನ್ನಿನ ತಂಡ ಕೊಟ್ಟ ಲೆಕ್ಕ ಇಂದಿಗೂ ಪಠ್ಯಗಳಲ್ಲಿದೆ: ದಿನಕ್ಕೆ 40 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ ನೂರಕ್ಕೆ 1.3 ಮಂದಿಗೆ ತೊಂದರೆ, 80 ದಾಟಿದವರಲ್ಲಿ ನೂರಕ್ಕೆ 18.4 ಮಂದಿಗೆ. ನಿದ್ದೆ ಹಾರುವುದು, ಅತಿ ಉತ್ಸಾಹ, ನಿಲ್ಲದ ಮಾತು, ಮರುಕ್ಷಣವೇ ಅಳು. 2021ರಲ್ಲಿ ಕೊರೋನಾದ ಎರಡನೇ ಅಲೆ ಬಂದಾಗ ಎಷ್ಟೋ ಮನೆಗಳಲ್ಲಿ ಫೋನಿಗೆ ಬಂದ ಚೀಟಿ ನೋಡಿಯೇ ಸ್ಟೆರಾಯ್ಡ್ ನುಂಗಿದರು. ಆಗ ರಾತ್ರಿಯೆಲ್ಲ ಎದ್ದು ಓಡಾಡಿದವರಿಗೆ "ರೋಗದ ಹೆದರಿಕೆ" ಎಂದೇ ಸಮಾಧಾನ ಹೇಳಿ ಮಲಗಿಸಿದೆವು. ಎಲ್ಲವೂ ಹೆದರಿಕೆಯೇ ಆಗಿರಬೇಕೆಂದಿಲ್ಲ.

ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟನ್ನು ಕೆರಳಿಸುತ್ತದೆ. ಸಾಧು ಹುಡುಗ ಅನ್ನದ ತಟ್ಟೆ ಎಸೆಯುತ್ತಾನೆ. ತಲೆಸುತ್ತಿಗೆ, ಅರೆತಲೆನೋವಿಗೆ ಬರೆಯುವ ಫ್ಲೂನರಿಜಿನ್ ತಿಂಗಳುಗಟ್ಟಲೆ ಮುಂದುವರಿದರೆ ವಯಸ್ಸಾದವರಲ್ಲಿ ಖಿನ್ನತೆಯೂ ಕೈನಡುಕವೂ ಬರಬಹುದು. ನಿದ್ದೆಗೆಂದು ಆರಂಭಿಸಿದ ಅಲ್ಪ್ರಜೋಲಮ್ ಮುದುಕರಲ್ಲಿ ಗೊಂದಲ, ಮರೆವು, ಬೀಳುವಿಕೆಗೆ ಕಾರಣವಾಗುತ್ತದೆ, ಆಮೇಲೆ ಬಿಡದ ಚಟವೂ ಆಗುತ್ತದೆ. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಆರಂಭವಾದ ಯೋಜನೆಯಿಂದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆ ಬಾಗಿಲಿಗೇ ಬರುತ್ತಿವೆ. ಒಳ್ಳೆಯ ಕೆಲಸ. ಅದರ ಜೊತೆ ಖಾಸಗಿ ವೈದ್ಯರ ಮಾತ್ರೆ, ಅಂಗಡಿಯವನು ಕೊಟ್ಟ ಮಾತ್ರೆ, ಪಕ್ಕದ ಮನೆಯವರ ಮಾತ್ರೆ ಎಲ್ಲ ಒಂದೇ ಬಿಸ್ಕತ್ತು ಡಬ್ಬದಲ್ಲಿ ಸೇರುತ್ತವೆ. ಆ ಡಬ್ಬವನ್ನು ಪೂರ್ತಿಯಾಗಿ ನೋಡಿದ ವೈದ್ಯರು ಮಾತ್ರ ಯಾರೂ ಇರುವುದಿಲ್ಲ.

ಈಗ ನಮ್ಮ ಅಂಗಳದ ಮಾತು. ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ, ದೈವಶಾಸ್ತ್ರ ಕಲಿಸಿದರು. ಔಷಧಶಾಸ್ತ್ರ ಕಲಿಸಲಿಲ್ಲ. ಆದರೂ ಮನಸ್ಸು ಕದಡಿದವರನ್ನು ಕುಟುಂಬಗಳು ಮೊದಲು ಕರೆತರುವುದು ಬಹಳ ಸಲ ಗುರುಗಳ ಬಳಿಗೇ. "ಯಾರೋ ಮಾಡಿಸಿದ್ದಾರೆ", "ಗಾಳಿ ಸೋಕಿದೆ" ಎಂಬ ಮಾತು ಅಷ್ಟರಲ್ಲಿ ಬೀದಿಯಲ್ಲಿ ಹಬ್ಬಿರುತ್ತದೆ. 1999ರಲ್ಲಿ ಧರ್ಮಸಭೆ ಹೊರತಂದ ಭೂತೋಚ್ಚಾಟನೆಯ ಪರಿಷ್ಕೃತ ವಿಧಿಯೇ ರೋಗವನ್ನು, ಅದರಲ್ಲೂ ಮಾನಸಿಕ ರೋಗವನ್ನು, ದೆವ್ವವೆಂದು ಭ್ರಮಿಸಬಾರದೆಂದು ಎಚ್ಚರಿಸುತ್ತದೆ, ವೈದ್ಯ ಬಲ್ಲವರನ್ನು ವಿಚಾರಿಸಲು ಹೇಳುತ್ತದೆ. ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಯಾವ ಗುರುವೂ ಆ ವಿಧಿಗೆ ಕೈಹಾಕುವಂತಿಲ್ಲ. ಆಶೀರ್ವಾದ ಬೇಡವೆಂದು ನಾವು ಹೇಳುತ್ತಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಗುರುಗಳು "ಇತ್ತೀಚೆಗೆ ಯಾವ ಹೊಸ ಮಾತ್ರೆ ಶುರುವಾಯಿತು?" ಎಂದೂ ಕೇಳಲಿ ಎನ್ನುತ್ತೇವೆ. ಧ್ಯಾನಕೂಟಕ್ಕೆ ಬಂದವರಿಗೆ "ವಿಶ್ವಾಸವಿದ್ದರೆ ಮಾತ್ರೆ ಬಿಡಿ" ಎಂದು ವೇದಿಕೆಯಿಂದ ಹೇಳುವವರಿದ್ದರೆ, ಅವರನ್ನು ತಡೆಯುವ ಹೊಣೆ ಆಯಾ ಧರ್ಮಕೇಂದ್ರದ್ದು.

ಏಕೆಂದರೆ ಇನ್ನೊಂದು ಅಪಾಯ ಇಲ್ಲೇ ಇದೆ. ಈ ಲೇಖನ ಓದಿ ಯಾರೂ ಇಂದು ರಾತ್ರಿಯ ಮಾತ್ರೆಯನ್ನು ಕಿಟಕಿಯಿಂದ ಎಸೆಯಬಾರದು. ಬಹುಕಾಲ ತೆಗೆದುಕೊಂಡ ಸ್ಟೆರಾಯ್ಡನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಮೂರ್ಛೆಯ ಮಾತ್ರೆಯನ್ನೋ, ದಿನವೂ ನುಂಗುತ್ತಿದ್ದ ನಿದ್ದೆ ಮಾತ್ರೆಯನ್ನೋ ಥಟ್ಟನೆ ಬಿಟ್ಟರೆ ಸೆಳವು ಬರಬಹುದು. ಕ್ಷಯದ ಮಾತ್ರೆ ಬಿಟ್ಟರೆ ರೋಗ ಬಲಿಯುತ್ತದೆ. ಖಿನ್ನತೆಯ ಮಾತ್ರೆಗಳಿಗೂ ಎಚ್ಚರಿಕೆ ಉಂಟು. ಎಳೆಯರಲ್ಲಿ ಮೊದಲ ವಾರಗಳಲ್ಲಿ ಹತ್ತಿರದಿಂದ ಗಮನಿಸಬೇಕು. ಆದರೆ ಅವುಗಳಿಂದ ಬದುಕಿ ಉಳಿದವರು ಅನೇಕರು. ಬಿಡುವುದೋ, ಬದಲಿಸುವುದೋ, ನಿಧಾನವಾಗಿ ಇಳಿಸುವುದೋ ಎಂಬ ತೀರ್ಮಾನ ವೈದ್ಯರದು. ಆ ತೀರ್ಮಾನಕ್ಕೆ ಬೇಕಾದ ಸುದ್ದಿ ಮುಟ್ಟಿಸುವುದು ನಮ್ಮ ಕೆಲಸ.

ಸುದ್ದಿ ಮುಟ್ಟಿಸಲು ಒಂದು ಹಳೆಯ ಕ್ಯಾಲೆಂಡರ್ ಸಾಕು. ಮಾತ್ರೆ ಆರಂಭಿಸಿದ ದಿನ, ಪ್ರಮಾಣ ಹೆಚ್ಚಿಸಿದ ದಿನ, ನಿದ್ದೆ ಕೆಟ್ಟ ದಿನ, ವಿಚಿತ್ರವಾಗಿ ಆಡಿದ ದಿನ ಇವನ್ನು ಆಯಾ ಚೌಕದಲ್ಲೇ ಬರೆಯಿರಿ. ರೋಗಿಯ ಸ್ವಂತ ಮಾತನ್ನು, ಅವರಾಡಿದ ಭಾಷೆಯಲ್ಲೇ ಬರೆಯಿರಿ. "ಎದೆಯೊಳಗೆ ಇರುವೆ ಹರಿದಂತೆ" ಎಂದರೆ ಹಾಗೆಯೇ. ಬಿಸ್ಕತ್ತು ಡಬ್ಬವನ್ನೂ ಕ್ಯಾಲೆಂಡರನ್ನೂ ವೈದ್ಯರ ಮೇಜಿನ ಮೇಲಿಡಿ. ಆತ್ಮಹತ್ಯೆಯ ಮಾತು ಬಂದರೆ ಮಾತ್ರ ಕ್ಯಾಲೆಂಡರಿಗೆ ಕಾಯುವಂತಿಲ್ಲ. ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮಾರ್ಗದರ್ಶಿ ಸಂಸ್ಥೆ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.

ಔಷಧಿಯ ಅಡ್ಡ ಪರಿಣಾಮವನ್ನು ದೇಶದ ಲೆಕ್ಕಕ್ಕೆ ಸೇರಿಸಲೂ ದಾರಿಯಿದೆ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತೆ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ರಜೆಯಲ್ಲದ ದಿನಗಳಲ್ಲಿ ಕಚೇರಿಯ ವೇಳೆಗೆ ಕರೆ ಮಾಡಬೇಕು. ಗ್ರಾಹಕರಿಗೆಂದೇ ಇರುವ ಅದರ ನಮೂನೆ ಕನ್ನಡದಲ್ಲೂ ತಮಿಳಿನಲ್ಲೂ ಸಿಗುತ್ತದೆ. ರೋಗಿಯಾಗಲಿ ಮನೆಯವರಾಗಲಿ ತುಂಬಬಹುದು. ಮಾತ್ರೆಯ ಹೆಸರು, ಆರಂಭಿಸಿದ ದಿನಾಂಕ, ಏನಾಯಿತು ಎಂಬ ವಿವರವನ್ನು ಕೇಳುತ್ತಾರೆ. ಕ್ಯಾಲೆಂಡರ್ ನೋಡಿಕೊಂಡು ಬರೆದರಾಯಿತು.