ಮಾಂಸ ತಿನ್ನದವರಿಗೆ ಗ್ರೀಸಿನಲ್ಲಿ ಊಟ: ಒಂದು ತಪ್ಪು ಉತ್ತರದ ತಿದ್ದುಪಡಿ

ಬೋಧನಾಭ್ಯಾಸದ ಎರಡನೇ ವಾರ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದರು. ಎಂಟನೇ ತರಗತಿಯ ಗ್ರೀಕ್ ನಾಗರಿಕತೆಯ ಪಾಠದ ಒಂದು ಅವಧಿ ನನ್ನ ಪಾಲಿಗೆ ಬಂತು. ನನ್ನ ವಿಷಯಗಳು ಗಣಿತ ಮತ್ತು ವಿಜ್ಞಾನ. ಮಕ್ಕಳ ಗಮನ ಸೆಳೆಯಲೆಂದು, ಇಂದು ಗ್ರೀಸಿಗೆ ಹೋದವರು ತಿಂದು ನೋಡಬೇಕಾದ ತಿನಿಸುಗಳ ಚಾರ್ಟ್ ಮಾಡಿಕೊಂಡು ಹೋದೆ. ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟ ಮಾಂಸದ ಸುವ್ಲಾಕಿ, ಬದನೆಕಾಯಿ ಮತ್ತು ಕೈಮಾವನ್ನು ಪದರ ಪದರವಾಗಿ ಜೋಡಿಸಿ ಬೇಯಿಸಿದ ಮುಸಾಕಾ, ಹೀಗೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಮಿಸ್, ನಮ್ಮನೇಲಿ ಮಾಂಸ ತಿನ್ನಲ್ಲ. ಅಲ್ಲಿಗೆ ಹೋದ್ರೆ ನಾವೇನು ತಿನ್ನೋದು?"

"ಬ್ರೆಡ್ಡು, ಸಲಾಡ್ ತಿಂದ್ಕೊಂಡು ಇರ್ಬೇಕು" ಎಂದೆ. ತರಗತಿ ನಕ್ಕಿತು. ಅವಳು ಕುಳಿತುಬಿಟ್ಟಳು. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: ‘ಈ ಉತ್ತರ ನಿಮಗೆ ಎಲ್ಲಿಂದ ತಿಳಿಯಿತು?’ ಎಲ್ಲಿಂದಲೂ ಅಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದೆ. ಆಮೇಲೆ ಓದಿದಾಗ ಅದು ಪೂರ್ತಿ ತಪ್ಪೆಂದು ಗೊತ್ತಾಯಿತು.

ಗ್ರೀಸಿನ ಬಹುಪಾಲು ಜನ ಆರ್ಥೊಡಾಕ್ಸ್ ಕ್ರೈಸ್ತರು. ಅವರ ಪಂಚಾಂಗದಲ್ಲಿ ಉಪವಾಸದ ದಿನಗಳು ಬಹಳ. ಈಸ್ಟರಿನ ಹಿಂದಿನ ಏಳು ವಾರ, ಕ್ರಿಸ್‌ಮಸ್‌ಗೆ ಮುಂಚಿನ 40 ದಿನ, ಆಗಸ್ಟ್ ತಿಂಗಳ ಮೊದಲ ಎರಡು ವಾರ, ಜೊತೆಗೆ ವರ್ಷದ ಹೆಚ್ಚಿನ ಬುಧವಾರ, ಶುಕ್ರವಾರಗಳು. ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಸುಮಾರು ಅರ್ಧ ವರ್ಷವೇ ಆಗುತ್ತದೆ. ನಮ್ಮ ಏಕಾದಶಿಯಂತೆ ಅನ್ನ ಬಿಡುವ ಉಪವಾಸ ಇದಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಗಿಣ್ಣು ಬಿಟ್ಟು, ಉಳಿದದ್ದನ್ನು ಉಣ್ಣುವ ಉಪವಾಸ. ಈಗ ಎಲ್ಲರೂ ಇದನ್ನು ಪಾಲಿಸುವುದಿಲ್ಲ, ಆದರೆ ಇದಕ್ಕಾಗಿ ಹುಟ್ಟಿದ ಅಡುಗೆ ಉಳಿದಿದೆ. ಅದರ ಹೆಸರು ನಿಸ್ತೀಸಿಮಾ, ಅಂದರೆ ಉಪವಾಸಕ್ಕೆ ಸಲ್ಲುವಂಥದ್ದು.

ಪ್ರವಾಸಿ ಕಲಿಯಬೇಕಾದ ಇನ್ನೊಂದು ಪದ ಲಾದೆರಾ. ‘ಲಾದಿ’ ಎಂದರೆ ಎಣ್ಣೆ. ಹುರುಳಿಕಾಯಿ, ಬೆಂಡೆಕಾಯಿ, ಬದನೆಕಾಯಿಯಂಥ ತರಕಾರಿಗಳನ್ನು ಟೊಮೆಟೊ ಮತ್ತು ಧಾರಾಳ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದ ಅಡುಗೆಗಳಿವು. ಬಿಳಿ ಬೀನ್ಸ್‌ನ ಗಟ್ಟಿ ಸಾರು ಫಸೊಲಾದಾವನ್ನು ಗ್ರೀಸಿನ ರಾಷ್ಟ್ರೀಯ ಖಾದ್ಯವೆಂದೇ ಅನೇಕರು ಕರೆಯುತ್ತಾರೆ. ಹೊಲ, ಗುಡ್ಡಗಳಲ್ಲಿ ತಾನಾಗಿ ಬೆಳೆದ ಸೊಪ್ಪುಗಳನ್ನು ಕುದಿಸಿ ನಿಂಬೆರಸ, ಆಲಿವ್ ಎಣ್ಣೆ ಹಾಕಿದರೆ ಹೊರ್ತಾ. ನಮ್ಮ ಕಡೆಯ ಬೆರಕೆ ಸೊಪ್ಪನ್ನು ಹೆಸರಿಸಿದೊಡನೆ ಮಕ್ಕಳಿಗೆ ಇದು ಅರ್ಥವಾಯಿತು. ಸ್ಯಾಂಟೊರಿನಿ ದ್ವೀಪದ ‘ಫಾವಾ’ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಈರುಳ್ಳಿ ಉದುರಿಸಿದ್ದು. ಆ ಬೇಳೆಯ ಗಿಡ ಲ್ಯಾಥೈರಸ್ ಕುಲದ್ದು, ಅಂದರೆ ನಮ್ಮ ಕೇಸರಿ ಬೇಳೆಯ ನೆಂಟ. ಪ್ರಭೇದ ಮಾತ್ರ ಬೇರೆ.

ಹೆಸರುಗಳಲ್ಲೂ ಒಂದು ಮೋಜಿದೆ. ಅಕ್ಕಿ ತುಂಬಿ ಸುತ್ತಿದ ದ್ರಾಕ್ಷಿ ಎಲೆಯ ಸುರುಳಿಗೆ ಮಾಂಸ ಹಾಕದಿದ್ದರೆ ಅದು ‘ಯಾಲಂಜಿ’, ಟರ್ಕಿ ಭಾಷೆಯಲ್ಲಿ ಸುಳ್ಳುಗಾರ. ಅಕ್ಕಿ ತುಂಬಿ ಬೇಯಿಸಿದ ಟೊಮೆಟೊ, ದಪ್ಪ ಮೆಣಸಿನಕಾಯಿಗೆ ಗೆಮಿಸ್ತಾ ಎನ್ನುತ್ತಾರೆ. ಅದರಲ್ಲಿ ಮಾಂಸವಿಲ್ಲದಿದ್ದರೆ ‘ಓರ್ಫಾನಾ’, ಅನಾಥ. ಸಸ್ಯಾಹಾರಿ ತಟ್ಟೆಗೆ ಇಂಥ ಹೆಸರು ಯಾಕೋ! ಆದರೆ ಹೋಟೆಲಿನಲ್ಲಿ ಈ ಎರಡು ಪದಗಳು ಬಹಳ ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಎರಡೂ ತಿನಿಸುಗಳನ್ನು ಕೈಮಾ ಸೇರಿಸಿಯೂ ಮಾಡುತ್ತಾರೆ. ನನ್ನ ಚಾರ್ಟಿನಲ್ಲಿ ‘ಪುರಾತನ’ ಎಂದು ಬರೆದಿದ್ದ ಮುಸಾಕಾದ ಮೇಲಿನ ಬಿಳಿ ಸಾಸ್ ಕೂಡ, ನಿಕೊಲಾವೋಸ್ ತ್ಸೆಲೆಮೆಂತೆಸ್ ಎಂಬ ಅಡುಗೆ ಪುಸ್ತಕದ ಲೇಖಕರು 20ನೇ ಶತಮಾನದಲ್ಲಿ ಫ್ರೆಂಚ್ ಅಡುಗೆಯಿಂದ ತಂದದ್ದಂತೆ. ಚಾರ್ಟಿನಲ್ಲಿ ಆ ಪದ ಹೊಡೆದುಹಾಕಿದೆ.

ಎಚ್ಚರಿಕೆಯನ್ನೂ ಹೇಳಬೇಕಿತ್ತು. ನಿಸ್ತೀಸಿಮಾ ಎಂದರೆ ಸಸ್ಯಾಹಾರ ಎಂದಲ್ಲ. ಸಿಗಡಿ, ಆಕ್ಟೋಪಸ್, ಚಿಪ್ಪುಜೀವಿಗಳಿಗೆ ರಕ್ತವಿಲ್ಲವೆಂಬ ನಂಬಿಕೆಯಿಂದ ಅವುಗಳನ್ನು ಉಪವಾಸದಲ್ಲಿ ತಿನ್ನಬಹುದು. ಉಪವಾಸದ ಮೊದಲ ದಿನ ತಾರಮೊಸಲಾಟಾ ಎಂಬ ಮೀನಿನ ಮೊಟ್ಟೆಯ ಗೊಜ್ಜು ಕೂಡ ಬಡಿಸುತ್ತಾರೆ. ಆದ್ದರಿಂದ ‘ಹೊರೀಸ್ ಕ್ರೇಆಸ್’ (ಮಾಂಸವಿಲ್ಲದೆ) ಎಂದು ಕೇಳಿದರೂ ಸಾಲದು, ಮೀನು, ಸಿಗಡಿ ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಕುರಿಹಾಲಿಗೆ ಕೆಲವೊಮ್ಮೆ ಆಡಿನ ಹಾಲೂ ಸೇರಿಸಿ ಮಾಡುವ ಫೆಟಾ ಗಿಣ್ಣಿನ ವಿಷಯದಲ್ಲೂ ಒಂದು ಮಾತು: ಹಾಲು ಒಡೆಯಲು ಸಾಂಪ್ರದಾಯಿಕವಾಗಿ ಬಳಸುವ ರೆನೆಟ್ ಎಂಬ ಕಿಣ್ವ ಮರಿಗಳ ಜಠರದ್ದು.

ಮುಂದಿನ ವಾರ ಇಪ್ಪತ್ತು ನಿಮಿಷ ಕೇಳಿ ಪಡೆದು ಇದನ್ನೆಲ್ಲ ಹೇಳಿದೆ. ಮೊದಲು, ನಾನು ಹಿಂದೆ ಹೇಳಿದ್ದು ತಪ್ಪು ಎಂದೆ. ಅದೇ ಹುಡುಗಿ ಮತ್ತೆ ಕೈ ಎತ್ತಿದಳು: "ಸಿಗಡಿಗೆ ರಕ್ತ ಇಲ್ವಾ ಮಿಸ್?" ಈ ಸಲ ಉತ್ತರ ಗೊತ್ತಿತ್ತು. ಇದೆ, ಆದರೆ ಕೆಂಪಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. ಸಿಗಡಿಯ ಹಿಮೋಸಯನಿನ್‌ನಲ್ಲಿ ಇರುವುದು ತಾಮ್ರ, ಆಮ್ಲಜನಕ ಸೇರಿದಾಗ ಅದು ನೀಲಿ.

ಉಳಿದ ಐದು ನಿಮಿಷ ಉಪವಾಸದ ಸಿಹಿಯಾದ ರವೆ ಹಲ್ವಾಕ್ಕೆ ಹೋಯಿತು. ಎಣ್ಣೆಯಲ್ಲಿ ರವೆಯನ್ನು ಕಂದು ಬಣ್ಣಕ್ಕೆ ಹುರಿದು, ದಾಲ್ಚಿನ್ನಿ ಹಾಕಿ ಕುದಿಸಿದ ಬಿಸಿ ಸಕ್ಕರೆ ಪಾಕ ಸುರಿಯುತ್ತಾರೆ. ಗ್ರೀಕ್ ಮನೆಗಳ ಲೆಕ್ಕ 1:2:3:4. ಎಣ್ಣೆ ಒಂದು, ರವೆ ಎರಡು, ಸಕ್ಕರೆ ಮೂರು, ನೀರು ನಾಲ್ಕು. ಒಂದೂವರೆ ಲೋಟ ರವೆಗೆ ಉಳಿದದ್ದೆಷ್ಟು ಎಂದು ಕೇಳಿದೆ. ಎಣ್ಣೆ ಮುಕ್ಕಾಲು, ನೀರು ಮೂರು ಎಂದು ಬೇಗ ಬಂತು. ಸಕ್ಕರೆ ಎರಡೂಕಾಲು ಲೋಟ ಎಂದು ಲೆಕ್ಕ ಹಾಕಿದ ಹುಡುಗ ತಾನೇ ನಂಬದೆ ಮತ್ತೊಮ್ಮೆ ಮಾಡಿ ನೋಡಿದ. "ನಮ್ಮಮ್ಮ ಕೇಸರಿಬಾತಿಗೆ ಇಷ್ಟು ಹಾಕಲ್ಲ ಮಿಸ್" ಎಂದ.