ಅವಧಿಪೂರ್ವ ಹೆರಿಗೆ, ಉರಿಯೂತ ಮತ್ತು ಮೆಲಟೋನಿನ್: ಗರ್ಭಿಣಿಯರಿಗೆ ಹಾಗೂ ಕುಟುಂಬದವರಿಗೆ ಮಾಹಿತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹಾಗೂ ನಂತರ ರಚನೆಯಾದ ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳ ಗರ್ಭಿಣಿಯರು ಮತ್ತು ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ನಿದ್ರೆಗಾಗಿ ಮಾರಾಟವಾಗುವ ಮೆಲಟೋನಿನ್ ಮಾತ್ರೆಯು ದಿನ ತುಂಬದ ಹೆರಿಗೆಯನ್ನು ತಡೆಯುವುದೇ ಎಂಬ ಪ್ರಶ್ನೆಗೆ ಉತ್ತರವನ್ನೂ, ಉಚಿತವಾಗಿ ದೊರೆಯುವ ಸೇವೆಗಳ ವಿವರವನ್ನೂ ಕೆಳಗೆ ಕೊಡಲಾಗಿದೆ.

1. ಅವಧಿಪೂರ್ವ ಹೆರಿಗೆ ಎಂದರೇನು?

37 ವಾರ ತುಂಬುವ ಮೊದಲು ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ವಿಶ್ವದಾದ್ಯಂತ 1.34 ಕೋಟಿ ಶಿಶುಗಳು ಹೀಗೆ ಜನಿಸಿದವು. ಅವುಗಳಲ್ಲಿ ಸುಮಾರು 30 ಲಕ್ಷ ಶಿಶುಗಳು ಭಾರತದವು. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳ ಕೂಸು ಉಳಿಯುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಗರ್ಭದಲ್ಲಿ ಬೆಳೆಯುವ ಪ್ರತಿ ವಾರವೂ ಶಿಶುವಿನ ಶ್ವಾಸಕೋಶಕ್ಕೆ ಬಲ ನೀಡುತ್ತದೆ.

2. ಉರಿಯೂತದಿಂದ ಹೆರಿಗೆ ಬೇಗ ಆಗುವುದು ಹೇಗೆ?

ಸೋಂಕು ತಗುಲಿದಾಗ ಅದನ್ನು ಎದುರಿಸಲು ದೇಹವು ಕೆಲವು ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಇದೇ ಉರಿಯೂತ. ಇದರಿಂದ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹೆಚ್ಚಿ, ಗರ್ಭಕೋಶದ ಕಂಠವು ಮೃದುವಾಗಿ, ನೋವು ಅಕಾಲದಲ್ಲಿ ಆರಂಭವಾಗಬಹುದು. ಮೂತ್ರದ ಮತ್ತು ಯೋನಿಯ ಸೋಂಕುಗಳು ಇದಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿವೆ. ಬೇಸಿಗೆಯಲ್ಲಿ ಹೊಲಗದ್ದೆಗಳಲ್ಲಿ ದುಡಿಯುವ ಮಹಿಳೆಯರು ನೀರು ಕಡಿಮೆ ಕುಡಿದು ಮೂತ್ರ ತಡೆಹಿಡಿಯುವುದು ಮೂತ್ರದ ಸೋಂಕಿಗೆ ಅವಕಾಶ ನೀಡುತ್ತದೆ. ಕೆಲವೊಮ್ಮೆ ಈ ಸೋಂಕಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮೂತ್ರ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

3. ಮೆಲಟೋನಿನ್ ಬಗ್ಗೆ ತಿಳಿದಿರುವುದೇನು?

ಮೆಲಟೋನಿನ್ ಮೆದುಳಿನ ಪೀನಿಯಲ್ ಗ್ರಂಥಿಯು ಕತ್ತಲಲ್ಲಿ ಸ್ರವಿಸುವ ಹಾರ್ಮೋನು. ಮಾಸು (ಜರಾಯು) ಸಹ ಇದನ್ನು ಉತ್ಪಾದಿಸುತ್ತದೆ. ತಾಯಿಯ ಮೆಲಟೋನಿನ್ ಮಾಸಿನ ಮೂಲಕ ಶಿಶುವನ್ನು ತಲುಪುತ್ತದೆ. ರೋಗಾಣುವಿನ ಹೊರಕವಚದ ಅಂಶವನ್ನು ಗರ್ಭಿಣಿ ಇಲಿಗಳಿಗೆ ನೀಡಿ ಉರಿಯೂತ ಉಂಟುಮಾಡಿದ ಪ್ರಯೋಗಗಳಲ್ಲಿ, ಮೆಲಟೋನಿನ್ ಪಡೆದ ಇಲಿಗಳಲ್ಲಿ ಅಕಾಲ ಹೆರಿಗೆ ಕಡಿಮೆಯಾಗಿದೆ. ಆದರೆ ಇಲಿಗಳಲ್ಲಿ ಕಂಡ ಫಲವು ಗರ್ಭಿಣಿಯರಲ್ಲಿ ಸಾಬೀತಾಗಿಲ್ಲ. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಔಷಧ ಅಂಗಡಿಯಿಂದ ಈ ಮಾತ್ರೆಯನ್ನು ಖರೀದಿಸಿ ಸೇವಿಸಬಾರದು. ರಾತ್ರಿ ದೀಪ ಹಾಗೂ ಮೊಬೈಲ್ ಆರಿಸಿ ಮಲಗಿದರೆ ದೇಹವೇ ತನಗೆ ಬೇಕಾದ ಮೆಲಟೋನಿನ್ ಸ್ರವಿಸುತ್ತದೆ. ಇದಕ್ಕೆ ಖರ್ಚಿಲ್ಲ.

4. ಗರ್ಭಿಣಿಯರಲ್ಲೇ ಪರೀಕ್ಷಿಸಲ್ಪಟ್ಟ ಔಷಧ

ಉರಿಯೂತ ತಗ್ಗಿಸುವ ಆಸ್ಪಿರಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಚೊಚ್ಚಲ ಗರ್ಭಿಣಿಯರಿಗೆ ನೀಡಿ, ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ಸುಮಾರು 12 ಸಾವಿರ ಮಹಿಳೆಯರಲ್ಲಿ ಅಧ್ಯಯನ ನಡೆಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವಧಿಪೂರ್ವ ಹೆರಿಗೆಯ ಪ್ರಮಾಣ ಶೇ. 13.1ರಿಂದ ಶೇ. 11.6ಕ್ಕೆ ಇಳಿದಿತ್ತು. ಈ ಮಾತ್ರೆ ಯಾರಿಗೆ ಸೂಕ್ತವೆಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು.

5. ದೊರೆಯುವ ಸೇವೆಗಳು

ಅ) ಗರ್ಭ ಧರಿಸಿದ 12 ವಾರಗಳೊಳಗೆ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು. ದುಡಿಮೆಗಾಗಿ ಬೇರೆ ಊರಿಗೆ ಹೋಗುವವರು ಕಾರ್ಡನ್ನು ಜೊತೆಯಲ್ಲೇ ಕೊಂಡೊಯ್ಯತಕ್ಕದ್ದು.
ಆ) ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ನಾಲ್ಕನೆಯ ತಿಂಗಳಿನಿಂದ ಉಚಿತ ತಪಾಸಣೆ. ಮೂತ್ರ ಪರೀಕ್ಷೆಯನ್ನು ತಪ್ಪಿಸಬಾರದು.
ಇ) 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ಪರೀಕ್ಷೆ, ರಕ್ತ, ಊಟ ಹಾಗೂ ವಾಹನ ಉಚಿತ. ಅನಾರೋಗ್ಯಪೀಡಿತ ಶಿಶುವಿಗೆ ಒಂದು ವರ್ಷದವರೆಗೆ ಚಿಕಿತ್ಸೆ ಉಚಿತ.

6. ತಡಮಾಡಬಾರದ ಲಕ್ಷಣಗಳು

37 ವಾರಕ್ಕೆ ಮೊದಲು ಬಿಟ್ಟುಬಿಟ್ಟು ಹೊಟ್ಟೆ ಅಥವಾ ಸೊಂಟ ನೋವು, ನೀರು ಹೋಗುವುದು, ರಕ್ತಸ್ರಾವ, ಜ್ವರ, ಉರಿಮೂತ್ರ ಅಥವಾ ಶಿಶುವಿನ ಚಲನೆ ಕಡಿಮೆಯಾಗುವುದು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ತೆರಳುವುದು. ವಾಹನಕ್ಕೆ 108ಕ್ಕೆ ಕರೆ ಮಾಡುವುದು. ಶಿಶುವಿನ ಶ್ವಾಸಕೋಶವನ್ನು ಬಲಪಡಿಸಲು ವೈದ್ಯರು ಅಗತ್ಯವಿದ್ದಲ್ಲಿ ತಾಯಿಗೆ ನೀಡುವ ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೆಲಸ ಮಾಡಲು ಸಮಯ ಬೇಕು. ನೋವು ಹೆಚ್ಚಾಗಲಿ ಎಂದು ಮನೆಯಲ್ಲಿ ಕಾಯ್ದರೆ ಆ ಸಮಯ ಕೈತಪ್ಪುತ್ತದೆ.

7. ದಿನ ತುಂಬದೆ ಹುಟ್ಟಿದ ಕೂಸಿಗೆ

ಕಡಿಮೆ ತೂಕದ ಶಿಶುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ, ತಾಯಿಯ ಹಾಲನ್ನೇ ನೀಡುವ ವಿಧಾನವೇ ಕಾಂಗರೂ ತಾಯಿ ಆರೈಕೆ. ಭಾರತ ಮತ್ತು ಇಥಿಯೋಪಿಯದಲ್ಲಿ ಇದನ್ನು ವ್ಯಾಪಕವಾಗಿ ಜಾರಿಗೊಳಿಸುವ ಸಂಶೋಧನೆಯು ಕರ್ನಾಟಕದಲ್ಲಿ ನಡೆದದ್ದು ಕೊಪ್ಪಳ ಜಿಲ್ಲೆಯಲ್ಲಿಯೇ. ದಿನಕ್ಕೆ ಕನಿಷ್ಠ 8 ಗಂಟೆ ಈ ಆರೈಕೆ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ತಾಯಿಗೆ ವಿಶ್ರಾಂತಿ ಬೇಕಾದಾಗ ತಂದೆ ಅಥವಾ ಅಜ್ಜಿಯೂ ಕೂಸನ್ನು ಎದೆಗಪ್ಪಿಕೊಳ್ಳಬಹುದು. ಇದಕ್ಕೆ ಯಾವುದೇ ಅರ್ಜಿಯ ಅಗತ್ಯವಿಲ್ಲ.

ಹೆಚ್ಚಿನ ಮಾಹಿತಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಆರೋಗ್ಯವಾಣಿ 104ನ್ನು ಸಂಪರ್ಕಿಸಬಹುದು. ಈ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಲ್ಲ.