ಹುರುಳಿಕಟ್ಟಿನಲ್ಲಿ ಬ್ಯಾಕ್ಟೀರಿಯ ಬೆಳೆಸಬಹುದೇ?

ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಹುರುಳಿ ಬೇಯಿಸಿ ಬಸಿದ ಕಟ್ಟನ್ನು ರಾತ್ರಿ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಹಳಸಿ ನೊರೆ ಬಂದಿರುತ್ತದೆ. ಹಳಸುವುದೆಂದರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಉಂಡು ಬೆಳೆದವೆಂದೇ ಅರ್ಥ. ಹಾಗಾದರೆ ಕಾಳುಮೆಣಸಿನ ಸೊರಗು ರೋಗಕ್ಕೆ ನಾವು ದುಡ್ಡು ಕೊಟ್ಟು ತರುವ ಸೂಡೊಮೊನಾಸ್ ಬ್ಯಾಕ್ಟೀರಿಯವನ್ನೂ ಕಟ್ಟಿನಲ್ಲೇ ಏಕೆ ಬೆಳೆಸಬಾರದು? ಬೆಳೆಗಾರರು ಕೇಳುವ ಈ ಪ್ರಶ್ನೆ ನ್ಯಾಯವಾದುದೇ.

ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಆಹಾರದಲ್ಲಿ ಲೀಟರ್ ನೀರಿಗೆ 5 ಗ್ರಾಂ ಪೆಪ್ಟೋನ್, 3 ಗ್ರಾಂ ದನದ ಮಾಂಸದ ಸಾರ, 5 ಗ್ರಾಂ ಉಪ್ಪು, ಗಟ್ಟಿಯಾಗಲು 15 ಗ್ರಾಂ ಅಗರ್ ಇರುತ್ತದೆ. ಇವುಗಳಲ್ಲಿ ಅಗರ್ ಕಡಲಪಾಚಿಯಿಂದ ಬಂದದ್ದು. ಮೊದಲು ರಾಬರ್ಟ್ ಕಾಖ್ ಬೇಯಿಸಿದ ಆಲೂಗೆಡ್ಡೆಯ ಹೋಳು ಮತ್ತು ಜಿಲೆಟಿನ್ ಬಳಸುತ್ತಿದ್ದರು. ಜಿಲೆಟಿನ್ ಸೆಕೆಗೆ ಕರಗಿಹೋಗುತ್ತಿತ್ತು. 1881ರ ಸುಮಾರಿಗೆ ಅಡಿಗೆಮನೆಯ ಅನುಭವದಿಂದ ಅಗರ್ ಸೂಚಿಸಿದವರು ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. ಆದುದರಿಂದ ಸಸ್ಯಮೂಲದ ಆಹಾರ ಹೊಸದೇನೂ ಅಲ್ಲ. ಪೆಪ್ಟೋನ್ ಮತ್ತು ಮಾಂಸದ ಸಾರಕ್ಕೂ ದುಡ್ಡು ಕೊಡಬೇಕು.

ಪೆಪ್ಟೋನ್ ಎಂದರೆ ಅರ್ಧ ಜೀರ್ಣವಾದ ಸಸಾರಜನಕ. ಇಡೀ ಕಾಳಿನ ಸಸಾರಜನಕವನ್ನು ಅನೇಕ ಬ್ಯಾಕ್ಟೀರಿಯಗಳು ನೇರವಾಗಿ ಉಣ್ಣಲಾರವು. ಕಾಳನ್ನು ಮೊಳಕೆ ಬರಿಸಿದರೆ ಬೀಜವೇ ತನ್ನ ಸಸಾರಜನಕವನ್ನೂ ಪಿಷ್ಟವನ್ನೂ ಒಡೆದುಕೊಡುತ್ತದೆ. ನಾವು ಹಿಡಿದ ಅಳತೆ ಇಷ್ಟು: 100 ಗ್ರಾಂ ಹುರುಳಿಯನ್ನು ಮೊಳಕೆ ಬರಿಸಿ, ಜಜ್ಜಿ, ಲೀಟರ್ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಹುಳಿ ಕಂಡರೆ ಲಿಟ್ಮಸ್ ಕಾಗದ ನೋಡಿಕೊಂಡು ಚಿಟಿಕೆ ಅಡಿಗೆ ಸೋಡಾ ಹಾಕುವುದು. ನಂತರ ಸೀಸೆಗಳಲ್ಲಿ ಅರ್ಧಕ್ಕೆ ಮಾತ್ರ ತುಂಬಿ, ಬಾಯಿಗೆ ಹತ್ತಿ ತುರುಕಿ, ಪ್ರೆಷರ್ ಕುಕ್ಕರಿನಲ್ಲಿ ಸೀಟಿ ಬಂದ ಮೇಲೆ ಉರಿ ತಗ್ಗಿಸಿ 20 ನಿಮಿಷ ಇಡಬೇಕು. ಬರೀ ಕುದಿಸಿದರೆ ಸಾಲದು. ಕೆಲವು ಬ್ಯಾಕ್ಟೀರಿಯಗಳ ಬೀಜಕಗಳು 100 ಡಿಗ್ರಿಯಲ್ಲೂ ಸಾಯುವುದಿಲ್ಲ, 121 ಡಿಗ್ರಿ ಬೇಕು.

ನಮ್ಮ ಮೊದಲ ಪ್ರಯತ್ನ ಕೆಟ್ಟುಹೋಯಿತೆಂದು ಒಪ್ಪಿಕೊಳ್ಳಬೇಕು. ದೊಡ್ಡ ಡ್ರಮ್ಮಿನ ತುಂಬ ಕಟ್ಟು ಹೊಯ್ದು, ಬೆಲ್ಲ ಹಾಕಿ, ಮುಚ್ಚಳ ಬಿಗಿದೆವು. ಮೂರನೆಯ ದಿನ ದುರ್ನಾತ ತಡೆಯಲಾಗಲಿಲ್ಲ. ಸೂಡೊಮೊನಾಸ್‌ಗೆ ಗಾಳಿ ಬೇಕೇ ಬೇಕು. ಗಾಳಿಯಿಲ್ಲದ ಡ್ರಮ್ಮಿನಲ್ಲಿ ಅದು ಸೊರಗಿ, ಬೇರೆಯವು ಹೆಚ್ಚಿದವು. ಅದನ್ನು ಬಳ್ಳಿಗೆ ಹಾಕಿದ್ದರೆ ಏನನ್ನು ಹಾಕಿದೆವೆಂದು ನಮಗೇ ತಿಳಿಯುತ್ತಿರಲಿಲ್ಲ.

ಇನ್ನೊಂದು ಮಾತು. ಸೂಡೊಮೊನಾಸ್ ಫ್ಲೋರೆಸೆನ್ಸ್ ಕಬ್ಬಿಣಾಂಶ ಕಡಿಮೆಯಿದ್ದಾಗ ಹಳದಿ ಮಿಶ್ರಿತ ಹಸಿರು ಬಣ್ಣ ಬಿಡುತ್ತದೆ. ಹುರುಳಿಯಲ್ಲಿ ಕಬ್ಬಿಣಾಂಶವಿರುವುದರಿಂದ ಬಣ್ಣ ಕಾಣದೆಯೂ ಇರಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಹಸಿರು ಕಂಡ ಮಾತ್ರಕ್ಕೆ ನಂಬುವುದೂ ತಪ್ಪು. ಅದೇ ಕುಲದ ಸೂಡೊಮೊನಾಸ್ ಎರುಜಿನೋಸಾ ಎಂಬುದೂ ಹಸಿರೇ. ಅದು ಮನುಷ್ಯರ ಗಾಯಕ್ಕೆ ಸೋಂಕು ತರುತ್ತದೆ. ಕೈಯಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು.

ಕಾಫಿ ಹೊಟ್ಟಿನ ಮೇಲೆ ಟ್ರೈಕೊಡರ್ಮಾ ಬೆಳೆಸುವ ಕೆಲಸ ಇದಕ್ಕಿಂತ ಸುಲಭ. ಅದು ಬ್ಯಾಕ್ಟೀರಿಯವಲ್ಲ, ಶಿಲೀಂಧ್ರ; ಬೆಳೆದರೆ ಹಸಿರು ಪುಡಿಯಂತೆ ಕಣ್ಣಿಗೇ ಕಾಣುತ್ತದೆ. ಬ್ಯಾಕ್ಟೀರಿಯದ ಕೆಲಸವನ್ನು ಮನೆಮನೆಯಲ್ಲಿ ಮಾಡುವ ಬದಲು ಹತ್ತಾರು ಮಂದಿ ಸೇರಿ ಒಂದೆಡೆ, ಒಬ್ಬ ತಿಳಿದವರ ಕೈಯಲ್ಲಿ ಮಾಡಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ. ಪ್ರತಿ ಸಲವೂ ಮೂಲ ಕಲ್ಚರನ್ನು ಕೃಷಿ ವಿಶ್ವವಿದ್ಯಾಲಯದಂಥ ನಂಬಿಕೆಯ ಕಡೆಯಿಂದಲೇ ತರಬೇಕು. ಹಳೆಯ ಸೀಸೆಯಿಂದ ಹೊಸ ಸೀಸೆಗೆ ಹೆಪ್ಪು ಹಾಕುತ್ತಾ ಹೋಗಬಾರದು. ಬೋರ್ಡೋ ದ್ರಾವಣದ ಜೊತೆಗೆ ಬೆರೆಸುವುದಂತೂ ಬೇಡ, ಮೈಲುತುತ್ತ ಎರಡನ್ನೂ ಕೊಲ್ಲುತ್ತದೆ.